ಏನೂ ಬಾರದ ಹೊತ್ತಿನ ಲೆಕ್ಕ

ಕಾಣಿಯೂರು
೬ ಡಿಸೆಂಬರ್ ೨೦೨೪

ಮಾನ್ಯ ಪಂಕಜಾಕ್ಷಿ ಮೇಡಂ ಅವರಿಗೆ,

ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ಗೊತ್ತಾಗಿರಬೇಕು. ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನ ರಿಜಿಸ್ಟರಿನಲ್ಲಿ ಒಂಬತ್ತು ವರ್ಷ ಇದೇ ಅಕ್ಷರದ ಕೆಳಗೆ ನೀವು ರುಜು ಹಾಕಿದ್ದೀರಿ. ಗೊತ್ತಾಗದಿದ್ದರೆ ಕೊನೆಯಲ್ಲಿ ಹೆಸರು ಉಂಟು.

ಹದಿಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ನನ್ನ ಗರಜಿಗೆ. ಕಾಲೇಜು ಬಿಟ್ಟ ಮೇಲೆ ಕೇಬಲ್ ಟಿವಿ ಹಾಕಿದೆ. ಈಗ ಟಿವಿ ಯಾರಿಗೂ ಬೇಡ, ಎಲ್ಲರಿಗೂ ಇಂಟರ್ನೆಟ್ ಬೇಕು. ಕಾಣಿಯೂರಿನಿಂದ ಬೆಳ್ಳಾರೆ ರಸ್ತೆಯವರೆಗೆ ನಾನೂರ ಮೂವತ್ತು ಮನೆಗೆ ನನ್ನ ಲೈನು ಹೋಗುತ್ತದೆ. ಭಾನುವಾರ ಮಧ್ಯಾಹ್ನವಾದರೆ ಸಾಕು, ಲೈನು ಸತ್ತದ್ದೂ ಅಲ್ಲ ಬದುಕಿದ್ದೂ ಅಲ್ಲ. ನಾಲ್ಕು ಸೆಕೆಂಡು ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮೇಲಿನ ಕಂಪೆನಿಯಿಂದ ನನಗೆ ಬರುವ ಸಂಪರ್ಕವನ್ನು ಎರಡು ಪಟ್ಟು ಮಾಡಿಸಿದೆ. ಆಗಲೂ ಅದೇ ಹಾಡು.

ನಮ್ಮ ಜೈನಬಮ್ಮನ ಮೊಮ್ಮಗಳು ಫಾತಿಮತ್ ಝುಹ್ರಾಳ ನಿಕಾಹ್ ಫೆಬ್ರವರಿ ಒಂಬತ್ತಕ್ಕೆ, ಮನೆಯಂಗಳದಲ್ಲೇ. ಅದೂ ಭಾನುವಾರ, ಅದೂ ಮಧ್ಯಾಹ್ನದ ಹೊತ್ತಿಗೆ. ಹುಡುಗಿಯ ಅಪ್ಪ ಹಂಝ ಶಾರ್ಜಾದಲ್ಲಿದ್ದಾನೆ. ರಜೆ ಸಿಗಲಿಲ್ಲ. ಫೋನಿನಲ್ಲಿ ನೋಡುವುದೆಂದು ಆಗಿದೆ. ಜೈನಬಮ್ಮ ಆಫೀಸಿಗೆ ಬಂದು ಕೂತು ಹೇಳಿದರು: "ತ್ಯಾಂಪಣ್ಣ, ಅವನು ನಾಟಕ ನೋಡುದಲ್ಲ, ಮಗಳ ಮದುವೆ ನೋಡುದು. ಆ ದಿನ ಫೋನಿನಲ್ಲಿ ನಿನ್ನ ಆ ಚಕ್ರ ತಿರುಗಿದರೆ ನಾನು ಸುಮ್ಮನೆ ಬಿಡ್ಲಿಕ್ಕಿಲ್ಲ ಆಯ್ತಾ." ನಾನು ಮಾತು ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಹೆದರಿಕೆ ಶುರುವಾಯಿತು.

ನನ್ನ ಜೊತೆ ಕೆಲಸ ಮಾಡುವ ಕೌಶಲ್ ನಿಮ್ಮ ಹಳೆಯ ವಿದ್ಯಾರ್ಥಿ. ನೆಟ್‌ವರ್ಕಿನ ಇಕ್ಕಟ್ಟನ್ನು ಸಿಗ್ನಲ್ಲಿನ ಹಾಗೆ ನೋಡಿ ಸರಿಪಡಿಸುವುದೇ ನಿಮ್ಮ ಪಿಎಚ್‌ಡಿ ಎಂದು ಅವನೇ ಹೇಳಿದ್ದು. ಸಾಧ್ಯವಿದ್ದರೆ ದಾರಿ ಹೇಳಿ. ಫೋನು ಬೇಡ. ಫೋನಿನಲ್ಲಿ ನಾನು ಏನಾದರೂ ಅಂದೇನು. ಬೋಜಣ್ಣ ಕಂಡಕ್ಟರಾಗಿರುವ ಬಸ್ಸು ಬೆಳಗ್ಗೆ ಒಂಬತ್ತೂಕಾಲಿಗೆ ಪುತ್ತೂರು ಸ್ಟ್ಯಾಂಡಿನಲ್ಲಿರುತ್ತದೆ. ಅವನ ಕೈಯಲ್ಲಿ ಕೊಟ್ಟರೆ ನನಗೆ ಸಿಗುತ್ತದೆ.

ಇತಿ,
ತ್ಯಾಂಪಣ್ಣ

*

ದರ್ಬೆ, ಪುತ್ತೂರು
೧೩ ಡಿಸೆಂಬರ್ ೨೦೨೪

ತ್ಯಾಂಪಣ್ಣನವರಿಗೆ,

ನಿಮ್ಮ ಕಾಗದ ಒಂದು ವಾರ ಉತ್ತರಪತ್ರಿಕೆಗಳ ಕಟ್ಟಿನ ಕೆಳಗೆ ಇತ್ತು. ಸುಳ್ಳು ಹೇಳುವುದಿಲ್ಲ, ನಾನೇ ಇಟ್ಟದ್ದು.

ನನಗೀಗ ಐವತ್ತೆರಡು. ಬೆಳಗ್ಗೆ ಪಾಠ, ಮಧ್ಯಾಹ್ನ ತಪಾಸಣೆಯವರಿಗೆ ತೋರಿಸಬೇಕಾದ ಫೈಲುಗಳು, ಸಂಜೆ ಮೊಣಕಾಲಿಗೆ ಎಣ್ಣೆ. ಪಿಎಚ್‌ಡಿಗೆ ಸೇರಿ ಎಂಟನೆಯ ವರ್ಷ. ಜೂನ್ ಒಳಗೆ ಪ್ರಬಂಧ ಕೊಡದಿದ್ದರೆ ಹೆಸರು ತೆಗೆಯುತ್ತೇವೆಂದು ವಿಶ್ವವಿದ್ಯಾಲಯದಿಂದ ಬರೆದಿದ್ದಾರೆ. ಮಕ್ಕಳಂಥ ಪ್ರಾಯದವರು ಮೂರು ವರ್ಷದಲ್ಲಿ ಮುಗಿಸಿ ನನಗೇ ಸಲಹೆ ಕೊಡುತ್ತಾರೆ. ಕೇಳಿಸಿಕೊಂಡು ತಲೆಯಾಡಿಸುತ್ತೇನೆ.

ಒಂದು ಮಾತು ಕೇಳದೆ ಮುಂದೆ ಹೋಗಲಾರೆ. ೨೦೧೧ರ ಅಕ್ಟೋಬರಿನಲ್ಲಿ ನಾನು ನಿಮಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಲಕೋಟೆ ಕಳಿಸಿದ್ದೆ. ನೀವು ರುಜು ಹಾಕಿ ತೆಗೆದುಕೊಂಡ ಚೀಟಿ ನನಗೆ ವಾಪಸು ಬಂತು. ನೀವು ಒಂದು ಸಾಲನ್ನೂ ಬರೆಯಲಿಲ್ಲ. ಅದರಲ್ಲಿದ್ದದ್ದನ್ನು ಓದಿಯೂ ಸುಮ್ಮನಿರಬಲ್ಲ ಮನುಷ್ಯ ನೀವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇರಲಿ.

ಝುಹ್ರಾಳ ವಿಷಯ ಬೇರೆ. ನಿಮ್ಮ ಆಫೀಸಿನ ಪೆಟ್ಟಿಗೆಯಲ್ಲಿ ಎಲ್ಲರ ಮಾಹಿತಿಯೂ ತುಂಡು ತುಂಡಾಗಿ ಬಂದು ಸಾಲಿನಲ್ಲಿ ನಿಂತು ಒಂದೊಂದಾಗಿ ಹೋಗುತ್ತದಲ್ಲ, ಆ ಸಾಲಿನ ಉದ್ದ ನನಗೆ ಬೇಕು. ಒಂದು ಭಾನುವಾರ ಪೂರ್ತಿ, ಸೆಕೆಂಡಿಗೆ ನೂರು ಸಲ ಅಳೆದು ಬರೆದಿಡಿ. ಕೌಶಲನಿಗೆ ಹೇಗೆಂದು ಗೊತ್ತು.

ಪಂಕಜಾಕ್ಷಿ

*

ಕಾಣಿಯೂರು
೨೩ ಡಿಸೆಂಬರ್ ೨೦೨೪

ಮಾನ್ಯ ಮೇಡಂ,

ನಿನ್ನೆಯ ಭಾನುವಾರ ಪೂರ್ತಿ ಈ ಪೆನ್‌ಡ್ರೈವಿನಲ್ಲಿದೆ. ಫೈಲು ದೊಡ್ಡದು, ನನ್ನದೇ ಲೈನಿನಲ್ಲಿ ಕಳಿಸಲು ಹೋದರೆ ಮಧ್ಯದಲ್ಲಿ ನಿಂತಿತು. ಬೋಜಣ್ಣನ ಕೈಗೆ ಕೊಟ್ಟಾಗ ಅವನು ಬಸ್ಸಿನವರೆಲ್ಲ ಕೇಳುವ ಹಾಗೆ ಹೇಳಿದ: "ಎಂತ ಮಾರಾಯ, ಇಂಟರ್ನೆಟ್ ಮಾರುವವ ನೀನು, ನಿನ್ನ ಸಾಮಾನು ಹೋಗುದು ನನ್ನ ಬಸ್ಸಲ್ಲಾ? ಹಾಗಾದ್ರೆ ತಿಂಗಳ ಚಾರ್ಜು ನನಗೇ ಕೊಡ್ಲಿಕ್ಕೆ ಹೇಳು ಎಲ್ಲರಿಗೆ." ಬಸ್ಸು ಸವಣೂರು ಮುಟ್ಟುವವರೆಗೂ ನಕ್ಕಿರಬೇಕು.

ಲಕೋಟೆಯ ಮಾತು ಬೇಡ. ನಾನು ಲ್ಯಾಬಿನವ. ಲ್ಯಾಬಿನವರಿಗೆ ಕೆಲಸ ಹೇಳಿದರೆ ಸಾಕು, ಉಳಿದದ್ದು ಯಾಕೆ?

ಇನ್ನೊಂದು. ಈ ಭಾನುವಾರ ನಿಮ್ಮ ಪ್ರಬಂಧಕ್ಕೆ ಹೋಗುವುದಾದರೆ ಹೋಗಲಿ, ನನಗೆ ತಕರಾರಿಲ್ಲ. ಆದರೆ ಹೋಗುತ್ತದೆಂದು ನನಗೆ ಗೊತ್ತುಂಟು ಎಂಬುದು ನಿಮಗೂ ಗೊತ್ತಿರಲಿ.

ಇತಿ,
ತ್ಯಾಂಪಣ್ಣ

*

ದರ್ಬೆ
೮ ಜನವರಿ ೨೦೨೫

ತ್ಯಾಂಪಣ್ಣನವರಿಗೆ,

ಮೊದಲು ಕೆಲಸದ ಮಾತು.

ನಿಮ್ಮ ಭಾನುವಾರವನ್ನು ಕಾಗದದ ಮೇಲೆ ಗೆರೆಯಾಗಿ ಎಳೆದೆ. ಆ ಗೆರೆಯೊಳಗೆ ಯಾವ ಯಾವ ಲಯ ಅಡಗಿದೆ ಎಂದು ಬಿಡಿಸಿ ನೋಡಿದೆ. ಒಂದು ಲಯ ಮಾತ್ರ ಎದ್ದು ಕಾಣುತ್ತದೆ, ಸುಮಾರು ನಾಲ್ಕು ಸೆಕೆಂಡಿನದ್ದು. ಇದರ ಅರ್ಥ ಇಷ್ಟು. ಸಾಲು ಪೂರ್ತಿ ತುಂಬುವವರೆಗೂ ನಿಮ್ಮ ಪೆಟ್ಟಿಗೆ ಯಾರಿಗೂ ಏನೂ ಹೇಳುವುದಿಲ್ಲ. ತುಂಬಿದ ಮೇಲೆ ಬಂದದ್ದನ್ನೆಲ್ಲ ಒಟ್ಟಿಗೆ ಬಿಸಾಡುತ್ತದೆ. ಆಗ ನಾನೂರು ಮನೆಯ ಫೋನುಗಳೂ ಒಂದೇ ಸಲ ಹೆದರಿ ನಿಧಾನವಾಗುತ್ತವೆ, ಸಾಲು ಖಾಲಿ. ಖಾಲಿ ಕಂಡು ಎಲ್ಲವೂ ಒಂದೇ ಸಲ ಧೈರ್ಯ ಮಾಡುತ್ತವೆ, ಸಾಲು ಮತ್ತೆ ಭರ್ತಿ. ಸಂಪರ್ಕವನ್ನು ಎರಡು ಪಟ್ಟು ಮಾಡಿದರೂ ಈ ಏರಿಳಿತ ಹೋಗುವುದಿಲ್ಲ.

ಕಾಲೇಜ್ ಡೇಗೆ ಮೈಕ್ ಕೂಗಿಕೊಂಡಾಗ ನೀವು ನನಗೆ ಹೇಳಿದ್ದು ನೆನಪಿದೆ: "ಕೂಗಿದ ಮೇಲೆ ಗುಂಡಿ ತಿರುಗಿಸುದಲ್ಲ ಮೇಡಂ, ಕೂಗ್ಲಿಕ್ಕೆ ಹೊರಟದ್ದು ಕಿವಿಗೆ ಗೊತ್ತಾಗ್ಬೇಕು. ಆಗ ಚೂರೇ ಚೂರು ಇಳಿಸುದು." ಎಂಟು ವರ್ಷ ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದ್ದೇನೂ ಇಲ್ಲ. ಹಾಗಾಗಿ ಒಂದು ಸಣ್ಣ ಪೆಟ್ಟಿಗೆ ಮಾಡುತ್ತಿದ್ದೇನೆ. ಅದು ಸಾಲಿನ ಉದ್ದದ ಸರಾಸರಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಸ ತುಂಡು ಬಂದಾಗೆಲ್ಲ ಹಳೆಯ ಸರಾಸರಿಗೆ ಹೊಸದನ್ನು ಚೂರು ಬೆರೆಸುತ್ತದೆ. ಸರಾಸರಿ ಏರತೊಡಗಿದಾಗಲೇ ಅಲ್ಲೊಂದು ಇಲ್ಲೊಂದು ತುಂಡನ್ನು ಕೈಬಿಡುತ್ತದೆ. ಆಗ ಒಬ್ಬೊಬ್ಬರೇ ಬೇರೆ ಬೇರೆ ಹೊತ್ತಿಗೆ ನಿಧಾನವಾಗುತ್ತಾರೆ, ಎಲ್ಲರೂ ಒಟ್ಟಿಗೆ ಅಲ್ಲ. ಸರಾಸರಿ ತೀರಾ ಮೇಲೆ ಹೋದರೆ ಮಾತ್ರ ಬಾಗಿಲು ಹಾಕುತ್ತದೆ.

ಇನ್ನು ನಿಮ್ಮ "ಲ್ಯಾಬಿನವ".

೨೦೧೧ರ ಮಾರ್ಚಿನ ಸೆಮಿನಾರಿನಲ್ಲಿ ನಾನು ಲ್ಯಾಬಿನಲ್ಲಿ ನೀವು ಕಟ್ಟಿಕೊಟ್ಟ ಫಿಲ್ಟರ್ ಸರ್ಕ್ಯೂಟಿನ ಬಗ್ಗೆ ಮಾತಾಡಿದೆ. ಹೊರಗಿನಿಂದ ಬಂದ ಪ್ರೊಫೆಸರ್ ಒಬ್ಬರು, ಇಷ್ಟು ಚೊಕ್ಕದಾಗಿ ಯಾರು ಕಟ್ಟಿದ್ದು ಎಂದು ಕೇಳಿದರು. "ನಮ್ಮ ಲ್ಯಾಬಿನವರು" ಎಂದೆ. ನೀವು ಕೊನೆಯ ಸಾಲಿನಲ್ಲಿ ಜೇಬಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ನಿಂತಿದ್ದಿರಿ. ನಿಮ್ಮ ಹೆಸರು ನನ್ನ ನಾಲಗೆಯ ಮೇಲಿತ್ತು. ಯಾಕೆ ಹೊರಗೆ ಬರಲಿಲ್ಲವೋ ನನಗೆ ಗೊತ್ತಿಲ್ಲ. ಹೆಸರು ಹೇಳಿದರೆ ನನ್ನ ಕೆಲಸ ಚಿಕ್ಕದಾದೀತೆಂದು ಒಂದು ಕ್ಷಣ ಅನ್ನಿಸಿರಬೇಕು. ಮರುವಾರ ನೀವು ರಾಜೀನಾಮೆ ಕೊಟ್ಟಿರಿ. ಇದಕ್ಕೆ ನನ್ನ ಉತ್ತರವನ್ನು ಆ ಲಕೋಟೆಯಲ್ಲೇ ಕಳಿಸಿದ್ದೆ, ನಿಮಗೆ ಗೊತ್ತಿರುವುದೇ. ಬಿಡಿಸಿ ಬರೆಯುವಷ್ಟು ತ್ರಾಣ ಇವತ್ತು ಹೇಗೋ ಬಂತು.

ಪಂಕಜಾಕ್ಷಿ

*

ಕಾಣಿಯೂರು
೨೦ ಜನವರಿ ೨೦೨೫

ಮೇಡಂ,

ಪೆಟ್ಟಿಗೆ ಬಂತು. ಬೋಜಣ್ಣ ಅದನ್ನು ತನ್ನ ಊಟದ ಬುತ್ತಿಯ ಜೊತೆ ಇಟ್ಟಿದ್ದನಂತೆ, ಸ್ವಲ್ಪ ಉಪ್ಪಿನಕಾಯಿಯ ಪರಿಮಳ ಉಂಟು. ಕೆಲಸಕ್ಕೆ ತೊಂದರೆಯಿಲ್ಲ.

ನಿನ್ನೆ ಭಾನುವಾರ. ಬೆಳಗ್ಗೆಯೇ ಕೌಶಲನೂ ನಾನೂ ಆಫೀಸಿನಲ್ಲಿ ಕೂತೆವು. ಹನ್ನೆರಡಾಯಿತು, ಒಂದಾಯಿತು, ಯಾರದ್ದೂ ಫೋನಿಲ್ಲ. ಫೋನು ಬಾರದಿದ್ದರೆ ನನಗೆ ಭಯ, ಲೈನು ಪೂರ್ತಿ ಹೋಗಿದೆಯೋ ಎಂದು. ಜೈನಬಮ್ಮನಿಗೆ ನಾನೇ ಮಾಡಿ ಕೇಳಿದೆ. "ಹಂಝನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದೆ. ಅವನ ತಲೆಯಲ್ಲಿ ಬಿಳಿ ಕೂದಲು ಬಂದದ್ದೂ ಕಾಣ್ತದೆ ಈಗ. ಇಷ್ಟು ಚಂದ ಕಾಣುದು ಬೇಡಿತ್ತು" ಎಂದರು. ಮತ್ತೆ ನಕ್ಕರು.

ಆದರೆ ನನ್ನ ಕಿವಿಗೆ ಒಂದು ವಿಷಯ ಸರಿ ಕಾಣುವುದಿಲ್ಲ. ಒಬ್ಬ ಎಲ್ಲೋ ಸಿನೆಮಾ ಇಳಿಸಲು ಶುರು ಮಾಡಿದರೆ ನಿಮ್ಮ ಪೆಟ್ಟಿಗೆ ಗಾಬರಿಬಿದ್ದು ತುಂಡು ಬಿಸಾಡುತ್ತದೆ. ಕೈ ನಡುಗುವವನು ಗುಂಡಿ ಹಿಡಿದ ಹಾಗೆ. ಮದುವೆಯ ದಿನ ಅಂಗಳದಲ್ಲಿ ಇನ್ನೂರು ಜನ, ಇನ್ನೂರು ಫೋನು. ಇನ್ನೂ ನಿಧಾನ ಮಾಡಿ. ಅದು ಬೇಗ ನಂಬಬಾರದು, ಬೇಗ ಸಿಟ್ಟಾಗಲೂಬಾರದು.

ಸೆಮಿನಾರಿನ ಬಗ್ಗೆ ಬರೆದದ್ದನ್ನು ಓದಿದೆ. ಮದುವೆ ಕಳೆಯಲಿ.

ತ್ಯಾಂಪಣ್ಣ

*

ದರ್ಬೆ
೩೦ ಜನವರಿ ೨೦೨೫

ತ್ಯಾಂಪಣ್ಣನವರಿಗೆ,

ನೀವು ಹೇಳಿದ ಹಾಗೆ ಮಾಡಿದೆ. ಹತ್ತು ಪಟ್ಟು ನಿಧಾನ. ಇನ್ನು ಅದು ಹಳೆಯದನ್ನು ಸುಲಭದಲ್ಲಿ ಬಿಡುವುದಿಲ್ಲ. ಪೆನ್‌ಡ್ರೈವಿನಲ್ಲಿ ಹೊಸ ಪ್ರೋಗ್ರಾಮ್ ಇದೆ, ಕೌಶಲ್ ಹಾಕಲಿ. ಇನ್ನೆರಡು ದಿನ ಕೂತು ಪರೀಕ್ಷೆ ಮಾಡಬೇಕಿತ್ತು. ಇಂಟರ್ನಲ್ ಪರೀಕ್ಷೆಯ ಪತ್ರಿಕೆ ನೂರ ನಲವತ್ತು ಇದೆ, ನಾಳೆಯೊಳಗೆ ಕೊಡಬೇಕು. ಕಣ್ಣು ಉರಿಯುತ್ತದೆ. ಸರಿಯಾಗಿಯೇ ಇರಬೇಕು.

ಈ ಸಲ ಕೇಳಿಯೇ ಬರೆಯುತ್ತೇನೆ: ನಿಮ್ಮ ನೆಟ್‌ವರ್ಕಿನ ಈ ಭಾನುವಾರಗಳನ್ನು ನನ್ನ ಪ್ರಬಂಧದಲ್ಲಿ ಹಾಕಬಹುದೇ? ಇದಿಲ್ಲದೆ ನನ್ನದು ಮುಗಿಯುವುದಿಲ್ಲ. ಕಂಪ್ಯೂಟರಿನೊಳಗೆ ಕಲ್ಪಿಸಿಕೊಂಡ ಊರುಗಳಲ್ಲಿ ಎಂಟು ವರ್ಷ ಕಳೆದೆ. ಅಲ್ಲಿ ಯಾರ ಮನೆಯಲ್ಲೂ ಮದುವೆಯಿಲ್ಲ. ನಿಮ್ಮ ಹೆಸರು ಇರುತ್ತದೆ. ಬೇಡವೆಂದರೆ ಹಾಕುವುದಿಲ್ಲ.

ಝುಹ್ರಾಳಿಗೆ ನನ್ನ ಶುಭಾಶಯ ಹೇಳಿ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಆದರೂ ಹೇಳಿ.

ಪಂಕಜಾಕ್ಷಿ

*

ಕಾಣಿಯೂರು
೧೦ ಫೆಬ್ರವರಿ ೨೦೨೫

ಮೇಡಂ,

ಹಂಝ ಮಗಳ ನಿಕಾಹ್ ನೋಡಲಿಲ್ಲ.

ಹನ್ನೊಂದು ನಲವತ್ತರವರೆಗೂ ಎಲ್ಲ ಚಂದ ಇತ್ತು. ಚಪ್ಪರದ ಕಂಬಕ್ಕೆ ಫೋನು ಕಟ್ಟಿದ್ದೆವು. ಹಂಝ ಅಲ್ಲಿ ಹೊಸ ಅಂಗಿ ಹಾಕಿ ಕೂತಿದ್ದ, ಅವನ ಕೋಣೆಯವರು ನಾಲ್ಕು ಜನ ಹಿಂದೆ ನಿಂತಿದ್ದರು. ಹನ್ನೊಂದು ನಲವತ್ತೊಂದಕ್ಕೆ ಮೇಲಿನ ಲೈನು ಹೋಯಿತು. ಅದು ನಮ್ಮ ಕೈಯಲ್ಲಿಲ್ಲ, ಆಗಾಗ ಹೋಗುತ್ತದೆ. ಮೂರು ನಿಮಿಷಕ್ಕೆ ಬಂತು. ನಾನು ಜೈನಬಮ್ಮನಿಗೆ "ಬಂತು ಬಂತು" ಎಂದೆ. ಆದರೆ ಬರಲಿಲ್ಲ. ಲೈನು ಉಂಟು, ಪೆಟ್ಟಿಗೆಯ ದೀಪ ಹಸಿರು ಉಂಟೆಂದು ಕೌಶಲ್ ಫೋನಿನಲ್ಲಿ ಹೇಳುತ್ತಿದ್ದಾನೆ, ಒಳಗೆ ಏನೂ ಬರುವುದಿಲ್ಲ. ನಿಕಾಹ್ ನಡೆಸುವ ಖತೀಬರು ಎರಡು ನಿಮಿಷ ಕಾದರು. ಇನ್ನೂ ಕಾಯಿರೆಂದು ಹೇಳಲು ನಾನು ಯಾರು? ಹಂಝನ ತಮ್ಮ ಅವನ ಬದಲಿಗೆ ವರನ ಕೈ ಹಿಡಿದು ನಿಕಾಹ್ ಮಾಡಿಕೊಟ್ಟ.

ನಾನು ಸ್ಕೂಟರಿನಲ್ಲಿ ಆಫೀಸಿಗೆ ಓಡಿದೆ. ನಿಮ್ಮ ಪೆಟ್ಟಿಗೆಯ ಎರಡೂ ಕೇಬಲ್ ಕಿತ್ತು ನೇರ ಜೋಡಿಸಿದೆ. ಆ ಕ್ಷಣ ಎಲ್ಲ ಬಂತು. ಆಗ ಹನ್ನೊಂದು ಐವತ್ತಾರು. ವಾಪಸು ಹೋದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಹಂಝ ಫೋನಿನಲ್ಲಿ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದ. ಜೈನಬಮ್ಮ ನನಗೆ ಬೈಯಲಿಲ್ಲ. "ಊಟ ಮಾಡಿ ಹೋಗು ಮಗ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ನಿಮ್ಮ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ನಿಮ್ಮ ಪ್ರಬಂಧಕ್ಕೆ ಏನು ಬೇಕೋ ಅದರಲ್ಲೇ ಇರಬಹುದು, ತೆಗೆದುಕೊಳ್ಳಿ.

ತ್ಯಾಂಪಣ್ಣ

*

ದರ್ಬೆ
೧೫ ಫೆಬ್ರವರಿ ೨೦೨೫

ತ್ಯಾಂಪಣ್ಣನವರೇ,

ಪೆಟ್ಟಿಗೆ ತಲುಪಿತು. ಏನಾಯಿತೆಂದು ನನಗೆ ಗೊತ್ತಾಗುತ್ತಿಲ್ಲ. ಗೊತ್ತುಮಾಡುತ್ತೇನೆ. ಕ್ಷಮಿಸಿ ಎಂದು ಬರೆದರೆ ಅದು ಯಾರಿಗೂ ಸಾಲದು, ಆದರೂ ಬರೆದಿದ್ದೇನೆ.

ಪಂಕಜಾಕ್ಷಿ

*

ದರ್ಬೆ
೧೬ ಮಾರ್ಚ್ ೨೦೨೫

ತ್ಯಾಂಪಣ್ಣನವರಿಗೆ,

ಒಂದು ತಿಂಗಳಾಯಿತು, ನೀವು ಬರೆದಿಲ್ಲ. ಬೋಜಣ್ಣನನ್ನು ಸ್ಟ್ಯಾಂಡಿನಲ್ಲಿ ಎರಡು ಸಲ ಕೇಳಿದೆ. "ಎಂತದೂ ಕೊಡ್ಲಿಲ್ಲ ಮೇಡಂ, ಅವನು ಈಗ ಬಸ್ಸು ಬರುವಾಗ ಒಳಗೆ ಹೋಗ್ತಾನೆ" ಎಂದ.

ಆ ಭಾನುವಾರದ ಕಾಗದಗಳನ್ನು ಗೈಡ್‌ಗೆ ತೋರಿಸಿದೆ. ಉಳಿದ ಭಾನುವಾರಗಳ ಫಲಿತಾಂಶ ಬಹಳ ಚೆನ್ನಾಗಿದೆ, ಇದೊಂದು ದಿನವನ್ನು ತೆಗೆದುಬಿಡಿ ಎಂದರು. ಮೇಲಿನ ಲೈನು ಹೋದ ದಿನ ತಾನೇ, ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲವಂತೆ. ತೆಗೆದರೆ ಪ್ರಬಂಧ ಮುಗಿದ ಹಾಗೆಯೇ. ಮನೆಗೆ ಬಂದು ತೆಗೆದೂ ನೋಡಿದೆ. ಪುಟಗಳು ಬಹಳ ಅಂದವಾಗಿ ಕಂಡವು. ಸಂಜೆ ಮತ್ತೆ ಸೇರಿಸಿದೆ.

ದಣಿದಿದ್ದೇನೆ, ತ್ಯಾಂಪಣ್ಣ. ಏನು ತಪ್ಪಾಯಿತೆಂದು ಹುಡುಕುವುದಕ್ಕೆ ಒಬ್ಬಳೇ ಕೂತರೆ ನಿದ್ದೆ ಬರುತ್ತದೆ. ಹಿಂದೆ ನೀವು ಪಕ್ಕದ ಸ್ಟೂಲಿನಲ್ಲಿ ಕೂತು "ಇದಲ್ಲ, ಇನ್ನೊಂದು ನೋಡುವ" ಎನ್ನುತ್ತಿದ್ದಿರಿ.

ಪಂಕಜಾಕ್ಷಿ

*

ದರ್ಬೆ
೨೭ ಏಪ್ರಿಲ್ ೨೦೨೫

ತ್ಯಾಂಪಣ್ಣನವರಿಗೆ,

ಸಿಕ್ಕಿತು. ತಪ್ಪು ನನ್ನದು. ಒಂದೇ ಸಾಲಿನ ತಪ್ಪು.

ಹೊಸ ತುಂಡು ಬಂದಾಗೆಲ್ಲ ಪೆಟ್ಟಿಗೆ ಸರಾಸರಿಯನ್ನು ತಿದ್ದಿಕೊಳ್ಳುತ್ತದೆಂದು ಬರೆದಿದ್ದೆನಲ್ಲ? ಬಂದಾಗ ಮಾತ್ರ ತಿದ್ದಿಕೊಳ್ಳುತ್ತದೆ. ಏನೂ ಬಾರದಿದ್ದರೆ ಹಳೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿರುತ್ತದೆ. ಹನ್ನೊಂದು ನಲವತ್ತೊಂದಕ್ಕೆ ಅಂಗಳದಲ್ಲಿ ಇನ್ನೂರು ಫೋನು ಓಡುತ್ತಿತ್ತು, ಸರಾಸರಿ ತುತ್ತತುದಿಯಲ್ಲಿತ್ತು. ಆಗ ಮೇಲಿನ ಲೈನು ಹೋಯಿತು. ಮೂರು ನಿಮಿಷ ಒಂದು ತುಂಡೂ ಬರಲಿಲ್ಲ. ಸಾಲು ಪೂರ್ತಿ ಖಾಲಿಯಾಗಿತ್ತು, ದಾರಿ ಬಯಲಾಗಿತ್ತು. ಪೆಟ್ಟಿಗೆಗೆ ಮಾತ್ರ ಅದು ಗೊತ್ತಿಲ್ಲ. ಅದರ ಮನಸ್ಸಿನಲ್ಲಿ ಇನ್ನೂ ಆ ನೂಕುನುಗ್ಗಲೇ. ಲೈನು ಬಂದಾಗ, ಬಂದವರನ್ನೆಲ್ಲ ಬಾಗಿಲಲ್ಲೇ ತಡೆಯಿತು. ತಡೆದದ್ದರಿಂದ ಫೋನುಗಳು ಹೆದರಿ ಪ್ರಯತ್ನವನ್ನೇ ಕಡಿಮೆ ಮಾಡಿದವು. ಬರುವವರು ಕಡಿಮೆಯಾದ್ದರಿಂದ ತಿದ್ದಿಕೊಳ್ಳುವುದೂ ಕಡಿಮೆಯಾಯಿತು, ಸರಾಸರಿ ಬೇಗ ಇಳಿಯಲಿಲ್ಲ. ನೀವು ನಿಧಾನ ಮಾಡಿ ಎಂದಿರಿ, ನಾನು ಹತ್ತು ಪಟ್ಟು ಮಾಡಿದೆ, ಹಾಗಾಗಿ ಇಳಿಯುವುದಕ್ಕೂ ಹತ್ತು ಪಟ್ಟು ಹೊತ್ತು ಬೇಕಿತ್ತು. ನೀವು ಹೇಳಿದ್ದು ಸರಿಯಾಗಿಯೇ ಇತ್ತು. ಗುಂಡಿ ನಿಧಾನ ತಿರುಗಿಸಬೇಕು, ಆದರೆ ಕಿವಿ ತೆರೆದಿರಬೇಕು. ನಾನು ಕಿವಿ ಮುಚ್ಚಿ ಕೈಯನ್ನು ಮಾತ್ರ ನಿಧಾನ ಮಾಡಿದೆ.

ತಿದ್ದುಪಡಿಯೂ ಒಂದೇ ಸಾಲು. ಏನೂ ಬಾರದೆ ಎಷ್ಟು ಹೊತ್ತಾಯಿತೆಂದು ನೋಡಬೇಕು, ಅಷ್ಟು ಹೊತ್ತಿಗೆ ತಕ್ಕಂತೆ ಹಳೆಯದನ್ನು ಇಳಿಸಬೇಕು. ಏನೂ ಬಾರದ ಹೊತ್ತಿಗೂ ಲೆಕ್ಕವಿದೆ. ಇದು ಮೂವತ್ತು ವರ್ಷದಿಂದ ಪುಸ್ತಕಗಳಲ್ಲಿದೆ, ನಾನೇ ಪಾಠದಲ್ಲಿ ಹೇಳಿದ್ದೇನೆ. ಬರೆಯುವಾಗ ಬಿಟ್ಟುಹೋಯಿತು. ಆ ದಿನ ಕಣ್ಣು ಉರಿಯುತ್ತಿತ್ತು ಎಂಬುದು ಕಾರಣವಲ್ಲ, ಆದರೂ ಹೇಳಿದೆ.

ಇನ್ನೊಂದು ವಿಷಯ ಕಂಡಿತು. ತಡೆದದ್ದನ್ನೆಲ್ಲ ಪೆಟ್ಟಿಗೆ ಬರೆದಿಟ್ಟಿದೆ. ಹನ್ನೊಂದು ನಲವತ್ನಾಲ್ಕರಿಂದ ಐವತ್ತಾರರವರೆಗೆ ಹೊರಗಿನಿಂದ ಜೈನಬಮ್ಮನ ಮನೆಗೆ ಮೂವತ್ತೊಂದು ಸಲ ಕರೆ ಬಂದಿದೆ. ಮೂವತ್ತೊಂದು ಸಲವೂ ತಡೆದಿದೆ. ಎಣಿಸಿ ಮುಗಿಸಿದ ಮೇಲೆ ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. ಆದರೆ ಒಂದನ್ನು ಹಂಝನಿಗೆ ಹೇಳಿ. ಅವನು ಕರೆದಾಗೆಲ್ಲ ಸರಾಸರಿ ಕೂದಲೆಳೆಯಷ್ಟು ಇಳಿದಿದೆ. ಮೂವತ್ತೊಂದು ಸಲವೂ ಇಳಿದಿದೆ. ಅವನು ಕರೆದದ್ದು ಯಾವುದೂ ದಂಡವಾಗಿರಲಿಲ್ಲ. ಹೊತ್ತು ಸಾಲಲಿಲ್ಲ, ಅಷ್ಟೆ.

ಪ್ರಬಂಧದ ಐದನೆಯ ಅಧ್ಯಾಯ ಪೂರ್ತಿ ಆ ಭಾನುವಾರದ್ದು. ಗೈಡ್ ಒಪ್ಪಿಲ್ಲ. ಒಪ್ಪದಿದ್ದರೆ ನನ್ನ ಹೆಸರು ತೆಗೆಯಲಿ.

ತಿದ್ದಿದ ಪೆಟ್ಟಿಗೆಯನ್ನು ಬೋಜಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಕುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಇನ್ನು ನಾನಾಗಿ ಬರೆಯುವುದಿಲ್ಲ. ಸಿಟ್ಟಿನಿಂದಲ್ಲ, ಇಷ್ಟೇ ಇದ್ದದ್ದು.

ಪಂಕಜಾಕ್ಷಿ

*

ಕಾಣಿಯೂರು
೧೨ ಜೂನ್ ೨೦೨೫

ಪಂಕಜಕ್ಕ,

ಈ ಹೆಸರು ನಿಮ್ಮ ಮನೆಯ ಜಗಲಿಯಲ್ಲಿ ಚಹಾ ಕುಡಿಯುವಾಗಿನದ್ದು. ಲ್ಯಾಬಿನಲ್ಲಿ ನೀವು ಮೇಡಂ, ಹೊರಗೆ ಅಕ್ಕ. ಇದು ಹೊರಗಿನ ಕಾಗದ.

ನಿಮ್ಮ ಪೆಟ್ಟಿಗೆ ಒಂದು ತಿಂಗಳು ಮೇಜಿನ ಕೆಳಗೆ ಇತ್ತು. ಮೇ ಕೊನೆಗೆ ಹಾಕಿದೆ. ಆಮೇಲೆ ಮೇಲಿನ ಲೈನು ನಾಲ್ಕು ಸಲ ಹೋಗಿ ಬಂದಿದೆ. ನಾಲ್ಕು ಸಲವೂ ಲೈನು ಬಂದ ಕೂಡಲೇ ಎಲ್ಲರಿಗೂ ಬಂತು. ಕೌಶಲ್ ಆ ಸಾಲನ್ನು ಬರೆದು ಗೋಡೆಗೆ ಅಂಟಿಸಿದ್ದಾನೆ.

ಬಕ್ರೀದಿಗೆ ಹಂಝ ಬಂದ, ಇಪ್ಪತ್ತು ದಿನದ ರಜೆ. ಮುಖ ತಪ್ಪಿಸಿಕೊಂಡು ತಿರುಗುವುದು ಎಷ್ಟು ದಿನ? ಮೊನ್ನೆ ನಿಮ್ಮ ಕಾಗದ ಹಿಡಿದುಕೊಂಡು ಹೋದೆ. ಝುಹ್ರಾಳೂ ಉಪ್ಪಿನಂಗಡಿಯ ಗಂಡನ ಮನೆಯಿಂದ ಬಂದಿದ್ದಳು. ನೀವು ಬರೆದದ್ದನ್ನು ನನಗೆ ತಿಳಿದಷ್ಟು ಓದಿ ಹೇಳಿದೆ. ಹಂಝ ಕೇಳಿದ್ದು ಒಂದೇ: "ಮೂವತ್ತೊಂದಾ? ನಾನು ಹದಿನೈದಿಪ್ಪತ್ತು ಅಂತ ಎಣಿಸಿದ್ದೆ." ಮತ್ತೆ, "ಹಾಗಾದ್ರೆ ಇಳೀತಾ ಇತ್ತು ಅಲ್ವಾ ತ್ಯಾಂಪಣ್ಣ, ನಾನು ಕರೀತಾ ಇದ್ದಾಗ" ಎಂದ. ಹೌದೆಂದೆ. ಝುಹ್ರಾ ಅಪ್ಪನ ಪಕ್ಕ ಕೂತು ಆ ಹನ್ನೆರಡು ನಿಮಿಷವನ್ನು ಹೇಳಲು ಶುರು ಮಾಡಿದಳು. ಖತೀಬರು ಎಲ್ಲಿ ಕೂತರು, ಚಿಕ್ಕಪ್ಪ ವರನ ಕೈ ಹೇಗೆ ಹಿಡಿದರು, ಅಜ್ಜಿ ಯಾರಿಗೆ ಗದರಿದರು, ಒಂದೂ ಬಿಡದೆ. ಅರ್ಧ ಗಂಟೆ ಹಿಡಿಯಿತು. ಜೈನಬಮ್ಮ ಒಳಗಿನಿಂದ, "ನಾನು ಬೈದದ್ದನ್ನು ಅವನಿಗೆ ಹೇಳ್ಬೇಡ" ಎಂದರು, ಅವಳು ಅದನ್ನೂ ಹೇಳಿದಳು. ಹಂಝ ಕಣ್ಣು ಮುಚ್ಚಿ ಕೇಳುತ್ತಿದ್ದ. ನಾನು ಅಂಗಳಕ್ಕೆ ಇಳಿದು ನಿಂತೆ.

ಈಗ ನನ್ನ ತಪ್ಪು.

೨೦೧೧ರ ಅಕ್ಟೋಬರಿನ ನಿಮ್ಮ ಲಕೋಟೆಯನ್ನು ನಾನು ಒಡೆದಿರಲೇ ಇಲ್ಲ. ರುಜು ಹಾಕಿ ತೆಗೆದುಕೊಂಡೆ, ಹಳೆಯ ಆಂಪ್ಲಿಫೈಯರಿನ ಪೆಟ್ಟಿಗೆಯೊಳಗೆ ಹಾಕಿದೆ. ಒಳಗೆ ಏನಿರಬಹುದೆಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಲ್ಯಾಬಿನ ಯಾವುದೋ ಬೀಗದ ಕೈ ಕೇಳಿರಬಹುದು, ಸಾಮಾನಿನ ಪಟ್ಟಿ ಕೇಳಿರಬಹುದು, ಹೀಗೆ. ನೀವು ಡಿಸೆಂಬರಿನಲ್ಲಿ ಕೇಳಿದಾಗಲೂ, ಜನವರಿಯಲ್ಲಿ ಬರೆದಾಗಲೂ ತೆಗೆಯಲಿಲ್ಲ. ಅಷ್ಟು ವರ್ಷ ಹಿಡಿದ ಸಿಟ್ಟು ತಪ್ಪೆಂದಾದರೆ ನನ್ನಲ್ಲಿ ಬೇರೆ ಏನು ಉಳಿಯುತ್ತದೆ ಎಂದು ಹೆದರಿಕೆ ಇತ್ತು. ಮೊನ್ನೆ ಜೈನಬಮ್ಮನ ಮನೆಯಿಂದ ಬಂದವನು ಊಟ ಮಾಡದೆ ಅದನ್ನೇ ತೆಗೆದೆ. ಗೆದ್ದಲು ಒಂದು ಮೂಲೆ ತಿಂದಿತ್ತು. ಒಳಗಿನದು ಚೆನ್ನಾಗಿತ್ತು.

ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದ ನಮ್ಮ ಫಿಲ್ಟರಿನ ಲೇಖನ. ಮೇಲೆ ಎರಡು ಹೆಸರು, ಮೊದಲು ನನ್ನದು, ಆಮೇಲೆ ನಿಮ್ಮದು. ಅಂಚಿನಲ್ಲಿ ನಿಮ್ಮ ಅಕ್ಷರ: "ಬಾಯಿಗೆ ಬಾರದ್ದು ಕೈಗೆ ಬಂದಿದೆ. ಸ್ಟೂಲು ಖಾಲಿ ಇದೆ, ಬನ್ನಿ."

ಹೆಂಡತಿ ಬಂದು ಅನ್ನ ತಣಿದದ್ದನ್ನು ಹೇಳಿದಳು. ಅವಳಿಗೆ ಆ ಪುಟ ತೋರಿಸಿದೆ. ಅವಳು ಓದಿ, "ಇದು ಯಾರು?" ಎಂದು ಕೇಳಿದಳು.

ಕೇಳಿದ್ದು ಸರಿಯೇ. ನನ್ನ ಹೆಸರಿನ ಮುಂದೆ "ಕೆ." ಎಂದು ಅಚ್ಚಾಗಿದೆ. ಕಾಣಿಯೂರಿನವನೆಂದು ನೀವು ಅಂದಾಜಿನಲ್ಲಿ ಹಾಕಿರಬೇಕು. 'ನಿಮ್ಮ ಇನಿಶಿಯಲ್ ಏನು' ಎಂದು ನೀವು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾವು ಮೂಲದಲ್ಲಿ ಮುರುಳ್ಯದವರು. ಅದು ಕೆ ಅಲ್ಲ, ಎಂ. ಹದಿನಾಲ್ಕು ವರ್ಷದ ಹಿಂದೆಯೇ ಇದನ್ನು ಬರೆದು ತಿಳಿಸಬೇಕಿತ್ತು.

ಐದನೆಯ ಅಧ್ಯಾಯದಲ್ಲಿ ಸರಿ ಮಾಡಿ.

ನಿಮ್ಮ,
ಎಂ. ತ್ಯಾಂಪಣ್ಣ